ರಜೆಗೆ ಊರಿಗೆ ಹೋಗದವರು

— ಒಂದು ವಿಷಯ ನನಗಿನ್ನೂ ಅರ್ಥವಾಗಿಲ್ಲ ಮೇಡಂ. ಖಿನ್ನತೆಗೆ ಬಿದ್ದ ಹುಡುಗರಿಗೆ ಚಿಕ್ಕಂದಿನಲ್ಲಿ ಮನೆಯಲ್ಲಿ ಕಷ್ಟ ಇತ್ತು ಅಂತೀರಿ, ಒಪ್ಪಿದೆ. ಆದರೆ ಆ ಹುಡುಗರು ಮನೆ ಬಿಟ್ಟು ಹಾಸ್ಟೆಲ್‌ಗೆ ಬಂದಾಯ್ತಲ್ಲ? ಇಲ್ಲಿ ಹೊಡೆಯೋರಿಲ್ಲ, ಹೀಯಾಳಿಸೋರಿಲ್ಲ, ಮೂರು ಹೊತ್ತು ಊಟ ಇದೆ. ಊರಲ್ಲಿದ್ದಾಗ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡರಲ್ಲೂ ಒಳ್ಳೆ ಅಂಕ ತೆಗೆದವರು ಇಲ್ಲಿಗೆ ಬಂದ ಮೇಲೆ ಮಲಗಿಬಿಡ್ತಾರೆ. ಈ ಖಿನ್ನತೆ ಅಲ್ಲೇ ಬರಬೇಕಿತ್ತು, ಇಲ್ಲಿ ಯಾಕೆ ಬರುತ್ತೆ?

— ಆ ಹುಡುಗರೂ ನಿಮ್ಮ ಹಾಗೇ ಅಂದ್ಕೊಂಡು ಬಂದಿರ್ತಾರೆ ಸರ್. ಒಂದು ಸಲ ಊರು ಬಿಟ್ಟರೆ ಸಾಕು ಅಂತ ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಓದಿರ್ತಾರೆ. ಇಲ್ಲಿಗೆ ಬಂದ ಮೇಲೆ ಇಂಗ್ಲಿಷಿನ ಪಾಠ ತಲೆಗೆ ಹತ್ತಲ್ಲ, ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬರುತ್ತೆ, ರೂಮ್‌ಮೇಟ್ ಮಾತು ಬಿಡ್ತಾನೆ. ಇವೆಲ್ಲ ಎಲ್ಲರಿಗೂ ಆಗೋದೇ. ಒಬ್ಬ ನಾಲ್ಕು ದಿನ ಬೇಜಾರು ಮಾಡ್ಕೊಂಡು ಎದ್ದು ಓಡಾಡ್ತಾನೆ, ಇನ್ನೊಬ್ಬನಿಗೆ ಏಳೋಕೇ ಆಗಲ್ಲ.

ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಕಾನ್‌ಸ್ಟನ್ಸ್ ಹ್ಯಾಮನ್ ಮತ್ತು ಅವರ ತಂಡ ಹೈಸ್ಕೂಲು ಮುಗಿಸಿ ಹೊರಬಂದ ಹುಡುಗಿಯರನ್ನ ಎರಡು ವರ್ಷ ಗಮನಿಸಿ 2000ನೇ ಇಸವಿಯಲ್ಲಿ ಒಂದು ಲೇಖನ ಪ್ರಕಟಿಸಿದರು. ಬಾಲ್ಯದಲ್ಲಿ ಹಿಂಸೆಯನ್ನೋ ಮನೆಯೊಳಗಿನ ಗದ್ದಲವನ್ನೋ ಕಂಡವರು, ಬೇರೆಯವರು ತಡ್ಕೊಳ್ಳೋ ಅಷ್ಟೇ ಒತ್ತಡಕ್ಕೆ ಖಿನ್ನತೆಗೆ ಬೀಳ್ತಿದ್ದರು. ಅದೇ ವರ್ಷ ಅಟ್ಲಾಂಟಾದಲ್ಲಿ ಕ್ರಿಸ್ಟೀನ್ ಹೈಮ್ ಅನ್ನೋರು ಇನ್ನೊಂದು ಪರೀಕ್ಷೆ ಮಾಡಿದರು. ಹೆಂಗಸರನ್ನ ಜನರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿದರು, ಬಾಯಿಲೆಕ್ಕ ಹೇಳಿಸಿದರು, ಮಧ್ಯೆ ಮಧ್ಯೆ ರಕ್ತ ತೆಗೆದು ನೋಡಿದರು. ಚಿಕ್ಕಂದಿನಲ್ಲಿ ದೌರ್ಜನ್ಯಕ್ಕೆ ಒಳಗಾದವರ ರಕ್ತದಲ್ಲಿ ಒತ್ತಡದ ಹಾರ್ಮೋನು ಮಿಕ್ಕವರಿಗಿಂತ ಬಹಳ ಮೇಲೆ ಹೋಗಿತ್ತು. ಜನರ ಮುಂದೆ ಭಾಷಣ, ಬಾಯಿಲೆಕ್ಕ ಅಂದರೆ ನಮ್ಮ ಸೆಮಿನಾರು, ವೈವಾ ಇದ್ದ ಹಾಗೇ ಅಲ್ವಾ ಸರ್? ಸುಟ್ಟ ಚರ್ಮಕ್ಕೆ ಉಗುರು ಬೆಚ್ಚಗಿನ ನೀರೂ ಉರಿಯುತ್ತೆ. ಅವರು ನಾಟಕ ಆಡ್ತಿಲ್ಲ, ಅವರಿಗೆ ನಿಜವಾಗಿಯೂ ಉರೀತಿದೆ.

— ಆದರೆ ಸೆಮಿನಾರು ಅಂದರೆ ಹೆದರದ ಹುಡುಗ ಯಾರಿದ್ದಾನೆ?

— ಹೆದರಿಕೆ ಎಲ್ಲರಿಗೂ ಇರುತ್ತೆ. ಸೆಮಿನಾರು ಮುಗಿದ ಮೇಲೆ ಮೈ ತಣ್ಣಗಾಗುತ್ತಾ ಅನ್ನೋದನ್ನ ನೋಡಬೇಕು. ಕುಡಿದು ಬರೋ ಅಪ್ಪನ ಚಪ್ಪಲಿ ಸದ್ದಿನಿಂದಲೇ ಇವತ್ತು ರಾತ್ರಿ ಹೇಗಿರುತ್ತೆ ಅಂತ ಅಳೆಯೋದನ್ನ ಕಲಿತ ಮಗು ಯಾವಾಗಲೂ ಕಿವಿ ನಿಮಿರಿಸಿಕೊಂಡೇ ಇರುತ್ತೆ. ಆ ಮನೆಯಲ್ಲಿ ಆ ಮಗುವನ್ನ ಕಾಪಾಡಿದ್ದೇ ಆ ಎಚ್ಚರ. ಹಾಸ್ಟೆಲ್‌ಗೆ ಬಂದ ತಕ್ಷಣ ಅದು ಆರಲ್ಲ. ಕಾರಿಡಾರಿನಲ್ಲಿ ಯಾರೋ ಬಾಗಿಲು ಬಡಿದರೆ ಎದೆ ಹೊಡ್ಕೊಳ್ಳುತ್ತೆ. ರಾತ್ರಿ ನಿದ್ದೆ ಇಲ್ಲ, ಹಗಲು ಕ್ಲಾಸಿಗೆ ಬರೋಕಾಗಲ್ಲ. ಹಾಗೇ ಕೆಲವು ತಿಂಗಳು ಕಳೆದರೆ ಮೈಯೂ ಮನಸ್ಸೂ ಸೋತುಹೋಗುತ್ತೆ.

— ನೀವು ಹೇಳಿದ್ದೆಲ್ಲ ಅಮೆರಿಕದ್ದು.

— ಹೌದು, ಈ ಸಂಶೋಧನೆಯ ದೊಡ್ಡ ಭಾಗ ಅಲ್ಲೇ ಆಗಿದೆ. ಹುಟ್ಟಿದ ಕಥೆಯೂ ಅಲ್ಲಿಯದೇ. 1980ರ ದಶಕದಲ್ಲಿ ಸ್ಯಾನ್ ಡಿಯೇಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅನ್ನೋ ವೈದ್ಯರು ಬೊಜ್ಜು ಇಳಿಸೋ ಕ್ಲಿನಿಕ್ ನಡೆಸ್ತಿದ್ದರು. ತೂಕ ಚೆನ್ನಾಗಿ ಇಳೀತಿದ್ದವರೇ ಚಿಕಿತ್ಸೆ ಬಿಟ್ಟು ಹೋಗ್ತಿದ್ದರು. ಯಾಕೆ ಅಂತ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ, ಬಹಳ ಮಂದಿ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕಿದ್ದವರು ಅಂತ ಗೊತ್ತಾಯ್ತು. ಮುಂದೆ ಅವರು ಸಂಶೋಧಕ ರಾಬರ್ಟ್ ಆಂಡಾ ಜೊತೆ ಸೇರಿ ಸಾವಿರಾರು ಜನರಿಗೆ ಪ್ರಶ್ನೆಪಟ್ಟಿ ಕಳಿಸಿದರು. ಮನೆಯಲ್ಲಿ ಹೊಡೀತಿದ್ದರಾ, ಅವಮಾನ ಮಾಡ್ತಿದ್ದರಾ, ಅಮ್ಮನಿಗೆ ಹೊಡೆಯೋದನ್ನ ನೋಡಿದ್ದೀರಾ, ಕುಡಿತದ ಚಟದವರು ಇದ್ದರಾ, ಯಾರಾದರೂ ಜೈಲಿಗೆ ಹೋಗಿದ್ದರಾ, ಇಂಥ ಪ್ರಶ್ನೆಗಳು. 1998ರಲ್ಲಿ ಮೊದಲ ಫಲಿತಾಂಶ ಬಂತು. ಉತ್ತರಿಸಿದ ಒಂಬತ್ತೂವರೆ ಸಾವಿರ ಜನರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಒಂದಕ್ಕಾದರೂ ಹೌದು ಅಂದಿದ್ದರು. ಇಂಥ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಅನುಭವ ಇದ್ದವರಲ್ಲಿ ಖಿನ್ನತೆಯ ಸಾಧ್ಯತೆ ನಾಲ್ಕು ಪಟ್ಟಿಗೂ ಮೇಲಿತ್ತು. ಗಮನಿಸಿ ಸರ್, ಇವರು ಬಡವರಲ್ಲ. ಆರೋಗ್ಯ ವಿಮೆ ಇದ್ದ, ಬಹುಪಾಲು ಮಧ್ಯಮ ವರ್ಗದ, ಕಾಲೇಜು ಮೆಟ್ಟಿಲು ಹತ್ತಿದ್ದ ಜನ. ಒಳ್ಳೆ ಮನೆತನದ ಹುಡುಗ, ಇವನಿಗೇನು ಕಷ್ಟ ಅಂತ ನಾವು ಸ್ಟಾಫ್ ರೂಮಿನಲ್ಲಿ ಹೇಳ್ತೀವಲ್ಲ, ಆ ಮಾತು ಅಲ್ಲೇ ಬಿದ್ದು ಹೋಯ್ತು.

— ನನ್ನ ತಲೆಮಾರಿನವರಿಗೆ ಕೇಳಿ ನೋಡಿ. ಮೇಷ್ಟ್ರು ಕೋಲು ಮುರಿಯೋವರೆಗೂ ಬಾರಿಸ್ತಿದ್ದರು, ಮನೆಗೆ ಹೋದರೆ ಅಪ್ಪ ಇನ್ನೆರಡು ಹಾಕ್ತಿದ್ದರು. ನಾವೆಲ್ಲ ಚೆನ್ನಾಗೇ ಇದ್ದೀವಲ್ಲ?

— ಚೆನ್ನಾಗಿರೋರು ಮಾತ್ರ ಈ ಮಾತು ಹೇಳೋಕೆ ಉಳಿದಿರ್ತಾರೆ ಸರ್. ಬೇಜಾರು ಮಾಡ್ಕೋಬೇಡಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವರು, ಕುಡಿತಕ್ಕೆ ಬಿದ್ದವರು, ಊರೇ ಬಿಟ್ಟು ಹೋದವರು ನಿಮ್ಮ ಜೊತೆಯಲ್ಲೇ ಬೆಂಚಿನ ಮೇಲೆ ಕೂತಿದ್ದರು. ಅವರನ್ನ ಯಾರೂ ಕೇಳಿಲ್ಲ.

2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಮಾತಾಡಿಸಿ ವರದಿ ಕೊಟ್ಟಿತು. ಮೂವರಲ್ಲಿ ಇಬ್ಬರು ಹೊಡೆತ ತಿಂದಿದ್ದರು. ಅರ್ಧಕ್ಕಿಂತ ಹೆಚ್ಚಿನವರು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು, ಅವರಲ್ಲಿ ಹುಡುಗರ ಪಾಲೇ ತುಸು ಹೆಚ್ಚು. ಹುಡುಗರಿಗೆ ಹಾಗೇನೂ ಆಗಲ್ಲ ಅಂತ ನಂಬಿರೋ ಸಮಾಜದಲ್ಲಿ ಆ ಹುಡುಗ ಯಾರಿಗೆ ಹೇಳ್ಬೇಕು? ಶಾಲೆಯಲ್ಲಿ ಹೊಡೆಯೋದನ್ನ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಆದರೂ ಪೋಷಕರ ಸಭೆಯಲ್ಲಿ ಅಪ್ಪಂದಿರೇ ಬಂದು, ನಾಲ್ಕು ಬಿಗೀರಿ ಸರ್, ನಾವೇನೂ ಕೇಳಲ್ಲ ಅಂತ ಹೇಳಿ ಹೋಗ್ತಾರೆ.

— ಅಂದರೆ ಏಟು ತಿಂದವರೆಲ್ಲ ಒಂದು ದಿನ ಖಿನ್ನತೆಗೆ ಬೀಳ್ತಾರೆ ಅಂತಾಯ್ತು.

— ಖಂಡಿತ ಇಲ್ಲ. ದಯವಿಟ್ಟು ಹಾಗೆ ತಿಳ್ಕೋಬೇಡಿ, ಅದು ಆ ಹುಡುಗರ ಹಣೆಗೆ ಇನ್ನೊಂದು ಬರೆ ಎಳೆದ ಹಾಗೆ. ಹವಾಯಿ ದ್ವೀಪಗಳಲ್ಲಿ ಕವಾಯ್ ಅಂತ ಒಂದಿದೆ. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನ ಎಮ್ಮಿ ವರ್ನರ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಗಾರರು ದಶಕಗಟ್ಟಲೆ ಗಮನಿಸಿದರು. ಬಡತನ, ಒಡೆದ ಸಂಸಾರ, ಅಪ್ಪನ ಕುಡಿತ, ಅಮ್ಮನ ಮಾನಸಿಕ ಕಾಯಿಲೆ, ಇಂಥವು ಒಂದರ ಮೇಲೊಂದು ಬಂದ ಮಕ್ಕಳಲ್ಲೂ ಮೂರನೇ ಒಂದು ಭಾಗ ಗಟ್ಟಿಯಾಗಿ, ಪ್ರೀತಿ ತುಂಬಿದ ಮನುಷ್ಯರಾಗಿ ಬೆಳೆದರು. ಅವರ ಬಾಲ್ಯದಲ್ಲಿ ಅಜ್ಜಿಯೋ ಅಕ್ಕನೋ ಶಿಕ್ಷಕಿಯೋ, ನೆಚ್ಚಿಕೊಳ್ಳಬಹುದಾದ ಒಬ್ಬರಾದರೂ ಇದ್ದರು. ನಿಮಗೆ ಏಟು ಬಿದ್ದ ರಾತ್ರಿ ಯಾರು ಎಣ್ಣೆ ಹಚ್ಚಿದರು ಅಂತ ನೆನಪು ಮಾಡ್ಕೊಳ್ಳಿ.

— ನಮ್ಮಜ್ಜಿ.

— ಅಂಥ ಒಬ್ಬರೂ ಇಲ್ಲದವರ ಲೆಕ್ಕ ಬೇರೆ. ಇಷ್ಟು ವರ್ಷಗಳ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಖಿನ್ನತೆಯ ಜೊತೆ ಎಲ್ಲಕ್ಕಿಂತ ಗಟ್ಟಿಯಾಗಿ ಅಂಟಿಕೊಂಡಿರೋದು ಹೊಡೆತ ಅಲ್ಲ. ಮಾತಿನ ಹಿಂಸೆ ಮತ್ತು ಭಾವನೆಗಳ ನಿರ್ಲಕ್ಷ್ಯ. ನೀನು ಹುಟ್ಟಬಾರದಿತ್ತು ಅಂತ ದಿನಾ ಕೇಳಿಸಿಕೊಂಡವರು, ಅತ್ತರೂ ನಕ್ಕರೂ ಯಾರೂ ತಿರುಗಿ ನೋಡದ ಮನೆಯಲ್ಲಿ ಬೆಳೆದವರು. ನನ್ನ ಹತ್ತಿರ ಬರೋರಲ್ಲಿ ಎಷ್ಟೋ ಮಂದಿ ಮೊದಲು ಹೇಳೋ ವಾಕ್ಯವೇ, ನಮ್ಮನೇಲಿ ಏನೂ ಆಗಿಲ್ಲ ಮೇಡಂ ಅನ್ನೋದು. ಗಾಯದ ಗುರುತಿಲ್ಲ, ಹೇಳೋಕೆ ಒಂದು ಘಟನೆ ಇಲ್ಲ. ಹಾಗಾಗಿ ತಪ್ಪೆಲ್ಲ ತನ್ನದೇ ಅಂತ ತೀರ್ಮಾನ ಮಾಡ್ಕೊಂಡಿರ್ತಾರೆ.

— ಇನ್ನೂ ಒಂದು ಸೇರಿಸಬೇಕು ನೀವು. ನಾನು ಈ ಹಾಸ್ಟೆಲ್‌ನಲ್ಲಿ ನೋಡಿದ್ದು ಮನೆಯೊಳಗಿನದು ಮಾತ್ರ ಅಲ್ಲ. ಶಾಲೆಯಲ್ಲಿ ಜಾತಿಯ ಕಾರಣಕ್ಕೆ ಬೇರೆ ಕೂರಿಸಿದ್ದನ್ನ ಎಂಎ ಮುಗಿಯೋವರೆಗೂ ಮರೆಯದ ಹುಡುಗರಿದ್ದಾರೆ. ಸಾಲಕ್ಕೆ ಅಪ್ಪ ಹೊಲದಲ್ಲೇ ಪ್ರಾಣ ಕಳ್ಕೊಂಡಿದ್ದನ್ನ ಕಣ್ಣಾರೆ ಕಂಡವರಿದ್ದಾರೆ. ಅದಕ್ಕೆಲ್ಲ ನಿಮ್ಮ ಫೆಲಿಟ್ಟಿ ಪಟ್ಟಿಯಲ್ಲಿ ಜಾಗ ಇದೆಯಾ?

— ಇರಲಿಲ್ಲ, ಅದು ಆ ಪಟ್ಟಿಯ ದೊಡ್ಡ ಕೊರತೆ. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಶ್ನೆಪಟ್ಟಿಯಲ್ಲಿ ಜೊತೆಯ ಮಕ್ಕಳ ಕಾಟ, ಬೀದಿಯ ಹಿಂಸೆ, ಗಲಭೆ, ಯುದ್ಧ ಎಲ್ಲ ಸೇರಿಸಿತು. ಜಾತಿಯ ಅವಮಾನವನ್ನ ನಾವೇ ಸೇರಿಸ್ಕೋಬೇಕು. ಚಿಕ್ಕ ವಯಸ್ಸಿನಲ್ಲಿ ಹೆತ್ತವರನ್ನ ಕಳ್ಕೊಳ್ಳೋ ಮಾತು ತೆಗೆದಿರಿ. ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಹೆಂಗಸರ ಖಿನ್ನತೆಯ ಬೇರು ಹುಡುಕಿ 1978ರಲ್ಲಿ ಪುಸ್ತಕ ಬರೆದರು. ಹನ್ನೊಂದು ತುಂಬೋ ಮುಂಚೆ ತಾಯಿಯನ್ನ ಕಳ್ಕೊಳ್ಳೋದು ಅವರು ಗುರುತಿಸಿದ ಕಾರಣಗಳಲ್ಲಿ ಒಂದು. ಮನಸ್ಸು ಬಿಚ್ಚಿ ಹೇಳೋಕೆ ಆಪ್ತರು ಇಲ್ಲದಿರೋದು ಇನ್ನೊಂದು. 2021ರಲ್ಲಿ ಕೊರೊನಾ ಎರಡನೇ ಅಲೆಗೆ ಅಪ್ಪನನ್ನೋ ಅಮ್ಮನನ್ನೋ ಕಳ್ಕೊಂಡ ಹನ್ನೆರಡು, ಹದಿಮೂರು ವರ್ಷದ ಮಕ್ಕಳು ಈಗ ನಮ್ಮ ಮೊದಲ ವರ್ಷದ ತರಗತಿಗೆ ಬರ್ತಿದ್ದಾರೆ. ಮುಖ ನೋಡೋಕೂ ಬಿಡದೆ ಹೆಣ ಸಾಗಿಸಿದ ದಿನಗಳು ಅವು. ಅವರಲ್ಲಿ ಎಷ್ಟು ಮಂದಿ ಸರಿಯಾಗಿ ಅತ್ತಿದ್ದಾರೋ ನಾವು ಕೇಳಿಲ್ಲ.

— ಒಂದು ಅನುಮಾನ ಇದೆ, ಕೇಳಿದರೆ ತಪ್ಪಾಗುತ್ತೇನೋ. ಈಗ ಮನಸ್ಸು ಕೆಟ್ಟಿರೋರಿಗೆ ಹಿಂದಿನದೂ ಕೆಟ್ಟದಾಗೇ ಕಾಣಲ್ವಾ? ಅವರು ಹೇಳೋದೆಲ್ಲ ನಡೆದಿದ್ದೇ ಅಂತ ಹೇಗೆ ನಂಬೋದು?

— ಕೇಳಲೇಬೇಕಾದ ಪ್ರಶ್ನೆ ಅದು. ವಿಜ್ಞಾನಿಗಳೂ ಅದರ ಬೆನ್ನು ಹತ್ತಿದ್ದಾರೆ. ಅಮೆರಿಕದಲ್ಲಿ ಕ್ಯಾಥಿ ವೈಡಮ್ ಅನ್ನೋ ಸಂಶೋಧಕಿ 1967ರಿಂದ 1971ರ ನಡುವೆ ಕೋರ್ಟಿನಲ್ಲಿ ದಾಖಲಾದ ಮಕ್ಕಳ ದೌರ್ಜನ್ಯ ಪ್ರಕರಣಗಳನ್ನ ಹಿಡಿದು, ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಮಾತಾಡಿಸಿದರು. ಅಂಥ ಪ್ರಕರಣ ಇಲ್ಲದವರನ್ನೂ ಜೊತೆಗಿಟ್ಟು ಹೋಲಿಸಿದರು. 2020ರಲ್ಲಿ ಆಂಡ್ರಿಯಾ ಡನೀಸೆ ಜೊತೆ ಅವರು ಪ್ರಕಟಿಸಿದ ಲೇಖನ ನನ್ನ ಕೆಲಸದ ರೀತಿಯನ್ನೇ ಬದಲಿಸಿತು. ಕೋರ್ಟಿನ ದಾಖಲೆ ಇದ್ದೂ, ನನಗೆ ಹಾಗೇನೂ ಆಗಿಲ್ಲ ಅಂದವರಲ್ಲಿ ಮಾನಸಿಕ ಕಾಯಿಲೆ ಅಷ್ಟೇನೂ ಹೆಚ್ಚಿರಲಿಲ್ಲ. ದಾಖಲೆ ಇರಲಿ ಬಿಡಲಿ, ನನಗೆ ಹೀಗಾಯ್ತು ಅಂತ ಹೊತ್ಕೊಂಡು ಬದುಕ್ತಿದ್ದವರಲ್ಲಿ ಹೆಚ್ಚಿತ್ತು.

ಇದನ್ನ ಕೇಳಿ, ನೋಡಿ ಎಲ್ಲ ಮನಸ್ಸಿನ ಭ್ರಮೆ ಅನ್ನೋರು ಇದ್ದಾರೆ. ಅದು ಅನ್ಯಾಯ. ಮನೆಯೊಳಗೆ ನಡೆದದ್ದರಲ್ಲಿ ಎಷ್ಟು ಕೋರ್ಟಿನವರೆಗೂ ಹೋಗುತ್ತೆ ಹೇಳಿ? ನಾನು ಅದರಿಂದ ಕಲಿತಿದ್ದು ಬೇರೆ. ಎದುರಿಗೆ ಕೂತ ಹುಡುಗಿ ಆ ಅನುಭವವನ್ನ ಹೇಗೆ ಹೊತ್ತಿದ್ದಾಳೆ, ಅದರಿಂದ ತನ್ನ ಬಗ್ಗೆ ಏನಂತ ನಂಬಿದ್ದಾಳೆ, ಚಿಕಿತ್ಸೆಗೆ ಬೇಕಾದ್ದು ಅದು. ತಾರೀಕು, ಸಾಕ್ಷಿ, ಯಾವ ಕೋಣೆ ಅಂತ ಪೊಲೀಸರ ಹಾಗೆ ಕೆದಕೋ ಹಕ್ಕು ನನಗಿಲ್ಲ. ಹೇಳಬೇಕು ಅನ್ನಿಸಿದಾಗ ಹೇಳ್ತಾಳೆ, ಹೇಳದೆಯೂ ಗುಣವಾಗಬಹುದು.

— ಹಾಗಾದರೆ ಅಡ್ಮಿಷನ್ ದಿನವೇ ಫೆಲಿಟ್ಟಿ ಪಟ್ಟಿಯ ಪ್ರಶ್ನೆ ಕೊಟ್ಟು ಅಂಕ ಹಾಕಿಬಿಡೋಣ ಅಂತ ಕಮಿಟಿಯಲ್ಲಿ ಒಬ್ಬರು ಅಂದರಲ್ಲ?

— ಬೇಡವೇ ಬೇಡ. ಆ ಪಟ್ಟಿ ಮಾಡಿದ ರಾಬರ್ಟ್ ಆಂಡಾ ಅವರೇ, ಅದು ಇಡೀ ಜನಸಮುದಾಯವನ್ನ ಅರ್ಥ ಮಾಡ್ಕೊಳ್ಳೋಕೆ ಇರೋ ಸಾಧನ, ಒಬ್ಬೊಬ್ಬರಿಗೆ ಅಂಕ ಹಾಕಿ ಭವಿಷ್ಯ ಹೇಳೋಕೆ ಬಳಸಬೇಡಿ ಅಂತ 2020ರಲ್ಲಿ ಬರೆದಿದ್ದಾರೆ. ಗುರುತು ಪರಿಚಯ ಇಲ್ಲದ ಗುಮಾಸ್ತರ ಮುಂದೆ, ಕ್ಯೂನಲ್ಲಿ ನಿಂತು, ನಿನ್ನನ್ನ ಯಾರಾದರೂ ಮುಟ್ಟಿದ್ದರಾ ಅನ್ನೋ ಪ್ರಶ್ನೆಗೆ ಯಾವ ಮಗು ಟಿಕ್ ಹಾಕುತ್ತೆ ಸರ್? ಹಾಕಿದರೂ ಆ ಹಾಳೆ ಯಾವ ಬೀರುವಿನಲ್ಲಿರುತ್ತೆ? ಬೇಕಿದ್ದರೆ ಈಗಿನ ಸ್ಥಿತಿ ಕೇಳೋಣ. ನಿದ್ದೆ, ಹಸಿವು, ಆಸಕ್ತಿ, ಸಾಯಬೇಕು ಅನ್ನೋ ಯೋಚನೆ. ಅದನ್ನ ಕೇಳೋಕೆ ಒಂಬತ್ತು ಪ್ರಶ್ನೆಗಳ ಸರಳ ಪಟ್ಟಿ ಇದೆ, ಅದು ಕೇಳೋದು ಕಳೆದ ಎರಡು ವಾರದ ಬಗ್ಗೆ ಮಾತ್ರ. ಆದರೆ ಉತ್ತರ ನೋಡಿದ ದಿನವೇ ಕರೆದು ಮಾತಾಡಿಸೋರು ಇದ್ದರೆ ಮಾತ್ರ ಕೇಳಬೇಕು.

— ನಾನು ಹೇಗೆ ಗುರುತು ಹಿಡೀಲಿ? ನನಗೆ ಅಳೋ ಹುಡುಗರೇ ಕಾಣ್ಸಲ್ಲ.

— ಅಳೋರು ಕಡಿಮೆ. ಸಣ್ಣದಕ್ಕೆಲ್ಲ ಸಿಡಿಯೋ ಹುಡುಗ, ಗ್ಯಾಸ್ಟ್ರಿಕ್, ತಲೆನೋವು ಅಂತ ಹೆಲ್ತ್ ಸೆಂಟರಿಗೆ ಅಲೆಯೋ ಹುಡುಗಿ, ಮೆಸ್ಸಿಗೆ ಬರೋದು ನಿಲ್ಲಿಸಿದವನು, ಮಧ್ಯಾಹ್ನದವರೆಗೂ ಬಾಗಿಲು ತೆರೆಯದವನು. ರ‍್ಯಾಂಕ್ ಬರೋರೂ ಇರ್ತಾರೆ, ಅವರನ್ನ ಯಾರೂ ಅನುಮಾನಿಸಲ್ಲ. ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಖಿನ್ನತೆ ಇರೋರಲ್ಲಿ ನೂರಕ್ಕೆ ಎಂಬತ್ತೈದು ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಬಾಲ್ಯದಲ್ಲಿ ನೊಂದವರಿಗೆ ಇನ್ನೊಂದು ಅಡ್ಡಿ ಇದೆ. ಚಿಕ್ಕಂದಿನಲ್ಲಿ ಒಮ್ಮೆ ಯಾರಿಗೋ ಹೇಳೋಕೆ ಹೋಗಿ, ಸುಮ್ನಿರು, ಮನೆ ಮರ್ಯಾದೆ ಅಂತ ಬಾಯಿ ಮುಚ್ಚಿಸಿಕೊಂಡಿರ್ತಾರೆ. ಸಹಾಯ ಕೇಳಿದರೆ ಅಪಾಯ ಅಂತ ಅವರು ಆಗಲೇ ಕಲಿತಾಗಿದೆ.

— ಅದಕ್ಕೇ ತಾನೇ ನಾವು ಅಪ್ಪ ಅಮ್ಮನಿಗೆ ಫೋನ್ ಮಾಡೋದು? ಇವನು ನಮಗೆ ಹೇಳಲ್ಲ, ಹೆತ್ತವರಿಗಾದರೂ ಹೇಳಲಿ ಅಂತ.

— ಇಲ್ಲೇ ನಾನು ನಿಮ್ಮ ಜೊತೆ ಜಗಳಕ್ಕೆ ನಿಲ್ಲೋದು ಸರ್. ಅಟೆಂಡೆನ್ಸ್ ಕಡಿಮೆ ಆದರೆ ಅಪ್ಪನನ್ನ ಕರ್ಕೊಂಡು ಬಾ. ಬ್ಯಾಕ್‌ಲಾಗ್ ಉಳಿದರೆ ಮನೆಗೆ ಪತ್ರ. ಮಂಕಾಗಿದ್ದರೆ, ಒಂದು ವಾರ ಊರಿಗೆ ಹೋಗಿ ಅಮ್ಮನ ಕೈಯೂಟ ಮಾಡಿ ಬಾ. ಎಲ್ಲ ಒಳ್ಳೆ ಮನಸ್ಸಿನಿಂದಲೇ ಮಾಡ್ತೀವಿ. ಆದರೆ ನಮ್ಮ ಇಡೀ ವ್ಯವಸ್ಥೆ, ಮನೆ ಅಂದರೆ ಎಲ್ಲರಿಗೂ ಆಸರೆ ಅನ್ನೋ ಒಂದೇ ನಂಬಿಕೆಯ ಮೇಲೆ ನಿಂತಿದೆ. ಯಾರಿಗೆ ಆ ಮನೆಯೇ ಪೆಟ್ಟು ಕೊಟ್ಟ ಜಾಗವೋ, ಅವರನ್ನ ಅತ್ಯಂತ ಸೋತ ಹೊತ್ತಿನಲ್ಲಿ ಹಿಡಿದು ಅಲ್ಲಿಗೇ ಕಳಿಸ್ತೀವಿ. ಆಮೇಲೆ, ಊರಿಗೆ ಹೋಗಿ ಬಂದ ಮೇಲೆ ಇನ್ನೂ ಹದಗೆಟ್ಟ ಅಂತ ಆಶ್ಚರ್ಯ ಪಡ್ತೀವಿ. ಬಾಲ್ಯದ ನೋವಿಗೂ ಈಗಿನ ಖಿನ್ನತೆಗೂ ಇರೋ ನಂಟನ್ನ ಜನ ಮೆದುಳಿನಲ್ಲಿ, ಹಾರ್ಮೋನಿನಲ್ಲಿ ಹುಡುಕ್ತಾರೆ. ಅಲ್ಲಿರೋದು ನಿಜ. ಆದರೆ ಒಂದು ಎಳೆ ನಮ್ಮ ಆಫೀಸಿನ ಟೇಬಲ್ ಮೇಲೇ ಹಾದು ಹೋಗುತ್ತೆ, ಅದನ್ನ ನಾವು ಇವತ್ತೇ ಕತ್ತರಿಸಬಹುದು.

— ಹೆತ್ತವರಿಗೆ ಹೇಳದೇ ಇದ್ದು ನಾಳೆ ಏನಾದರೂ ಆದರೆ? ನನ್ನ ಕೊರಳಿಗೇ ಬರುತ್ತೆ.

— ಹೇಳಬೇಡಿ ಅಂತಿಲ್ಲ. ಬಹಳಷ್ಟು ಹುಡುಗರಿಗೆ ಅಪ್ಪ ಅಮ್ಮನೇ ದೊಡ್ಡ ಬಲ, ಅವರಿಗೆ ಹೇಳೋದರಿಂದ ಒಳ್ಳೇದೇ ಆಗುತ್ತೆ. ಫೋನ್ ಎತ್ತೋ ಮುಂಚೆ ಒಂದು ಮಾತು ಕೇಳಿ: ನಿಮ್ಮ ಕಡೆಯವರಲ್ಲಿ ಯಾರಿಗೆ ಹೇಳಿದರೆ ನಿನಗೆ ಧೈರ್ಯ? ಒಬ್ಬಳು ಚಿಕ್ಕಮ್ಮ ಅಂತಾಳೆ, ಒಬ್ಬ ಹೈಸ್ಕೂಲಿನ ಮೇಷ್ಟ್ರು ಅಂತಾನೆ. ಯಾರೂ ಇಲ್ಲ ಅಂದರೆ ಅದೇ ನಿಮಗೆ ದೊಡ್ಡ ಸುದ್ದಿ, ಆ ಹುಡುಗನನ್ನ ಆವತ್ತೇ ನನ್ನ ಹತ್ತಿರ ಕಳಿಸಿ. ಪ್ರಾಣಕ್ಕೆ ಅಪಾಯ ಇದೆ ಅನ್ನಿಸಿದರೆ ಗುಟ್ಟು ಇಟ್ಕೊಳ್ಳೋ ಪ್ರಶ್ನೆಯೇ ಇಲ್ಲ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಪೋಕ್ಸೋ ಕಾಯ್ದೆ ಪ್ರಕಾರ ವರದಿ ಮಾಡಲೇಬೇಕು. ಇದನ್ನೆಲ್ಲ ನಾನು ಮೊದಲ ದಿನವೇ, ಅವರು ಬಾಯಿ ತೆರೆಯೋ ಮುಂಚೆಯೇ ಹೇಳಿಬಿಡ್ತೀನಿ. ಯಾವುದು ನನ್ನಲ್ಲೇ ಉಳಿಯುತ್ತೆ, ಯಾವುದು ಉಳಿಯಲ್ಲ ಅಂತ ಗೊತ್ತಿದ್ದರೆ ಅವರಿಗೂ ಮಾತಾಡೋಕೆ ನೆಲ ಸಿಗುತ್ತೆ.

— ಗುಣ ಆಗುತ್ತಾ ಮೇಡಂ? ಹದಿನೈದು ವರ್ಷದ ಹಿಂದಿನದನ್ನ ಈಗ ಯಾರು ತೊಳೆಯೋಕಾಗುತ್ತೆ?

— ಆಗುತ್ತೆ. ಇದನ್ನ ನಾನು ಸಮಾಧಾನಕ್ಕೆ ಹೇಳ್ತಿಲ್ಲ. ಹಾದಿ ಉದ್ದ ಅನ್ನೋದನ್ನೂ ಮುಚ್ಚಿಡಲ್ಲ. ಬಾಲ್ಯದಲ್ಲಿ ದೌರ್ಜನ್ಯ ಕಂಡವರಿಗೆ ಖಿನ್ನತೆ ಮರುಕಳಿಸೋ, ಬಿಡದೆ ಕಾಡೋ ಸಾಧ್ಯತೆ ಸುಮಾರು ಎರಡು ಪಟ್ಟು ಅಂತ 2012ರಲ್ಲಿ ಹಲವು ಅಧ್ಯಯನಗಳನ್ನ ಒಟ್ಟು ಮಾಡಿ ತೋರಿಸಿದರು. ಹತ್ತು ದಿನದ ಮಾತ್ರೆ, ಎರಡು ಸಲದ ಬುದ್ಧಿಮಾತು ಅವರಿಗೆ ಸಾಲಲ್ಲ. ಇನ್ನೊಂದು ಕಡೆ, ಬಹುಕಾಲದ ಖಿನ್ನತೆ ಇರೋರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಾಲ್ಯದ ಆಘಾತ ಇದ್ದವರಿಗೆ ಬರೀ ಮಾತ್ರೆಗಿಂತ ಮಾತಿನ ಚಿಕಿತ್ಸೆಯೇ ಹೆಚ್ಚು ಫಲ ಕೊಟ್ಟಿತ್ತು. ಒಂದೇ ಅಧ್ಯಯನ ಹಿಡಿದು ಮಾತ್ರೆ ಬೇಡ ಅಂತ ಯಾರೂ ಹೇಳಬಾರದು. ಮಾತ್ರೆಯಿಂದ ನಿದ್ದೆ, ಹಸಿವು ಸರಿಹೋಗಿ, ಕೂತು ಮಾತಾಡೋ ಶಕ್ತಿ ಬಂದವರನ್ನ ನಾನು ನೋಡಿದ್ದೀನಿ. ಆದರೆ ವಾರ ವಾರ ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ, ಅದೇ ಮನುಷ್ಯರು ಕಾಯ್ತಿರ್ತಾರೆ ಅನ್ನೋದು ಅವರ ಬದುಕಿನಲ್ಲೇ ಹೊಸತು. ನಂಬೋಕೇ ತಿಂಗಳು ಹಿಡಿಯುತ್ತೆ.

— ನೀವೊಬ್ಬರು ಎಷ್ಟು ಜನರಿಗೆ ಅಂತ ಕಾಯ್ತೀರಿ?

— ಅದೇ ಸಂಕಟ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರೋ ಪ್ರತಿ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರು ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಸಾವಿರಾರು ಹುಡುಗರಿರೋ ಕಡೆ ಒಬ್ಬರನ್ನ ಹನ್ನೊಂದು ತಿಂಗಳ ಗುತ್ತಿಗೆಗೆ ತಗೊಂಡು, ಆದೇಶ ಪಾಲಿಸಿದ್ದೀವಿ ಅಂತ ಬರೆದುಕೊಟ್ಟರೆ ಏನು ಪ್ರಯೋಜನ? ನೆಚ್ಚಿಕೊಂಡವರು ಬಿಟ್ಟು ಹೋದ ನೋವೇ ಕಾಯಿಲೆಯಾಗಿರೋ ಹುಡುಗನಿಗೆ, ಪ್ರತಿ ವರ್ಷ ಹೊಸ ಮುಖದ ಮುಂದೆ ಮೊದಲಿನಿಂದ ಕಥೆ ಹೇಳು ಅನ್ನೋದು ಕ್ರೌರ್ಯ. ಕಾಯಂ ಹುದ್ದೆ ಕೇಳಿ ಸರ್, ನಿಮ್ಮ ಮಾತಿಗೆ ಸಿಂಡಿಕೇಟಿನಲ್ಲಿ ಬೆಲೆ ಇದೆ. ರಾತ್ರಿ ಹೊತ್ತಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಆ ನಂಬರು ನೋಟಿಸ್ ಬೋರ್ಡಿನಲ್ಲಿ ಟೆಂಡರು ಪ್ರಕಟಣೆಯ ಕೆಳಗೆ ಬೇಡ, ಪ್ರತಿ ಕೋಣೆಯ ಬಾಗಿಲ ಒಳಗಡೆ ಅಂಟಿಸಿ.

— ಅಂಟಿಸೋಣ. ರಜೆಯ ವಿಷಯ ಹೇಳಿ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಕೂಡಲೇ ಹಾಸ್ಟೆಲ್ ಖಾಲಿ ಮಾಡಿಸ್ತೀವಿ. ಪ್ರತಿ ವರ್ಷ ನಾಲ್ಕೈದು ಹುಡುಗರು ಏನಾದರೂ ನೆಪ ಹೇಳಿ ಉಳ್ಕೊಳ್ಳೋಕೆ ನೋಡ್ತಾರೆ. ಪ್ರಾಜೆಕ್ಟ್ ಅಂತಾರೆ, ಲೈಬ್ರರಿ ಅಂತಾರೆ. ಹೋಗ್ರಯ್ಯ, ಹಬ್ಬ ಮಾಡ್ಕೊಂಡು ಬನ್ನಿ ಅಂತ ಗದರಿಸಿ ಕಳಿಸ್ತಿದ್ದೆ.

— ಅವರಲ್ಲಿ ಎಲ್ಲರೂ ಇಂಥ ಮನೆಯಿಂದ ಬಂದವರೇ ಅಂತಲ್ಲ. ಒಬ್ಬನಿಗೆ ನಿಜವಾಗಿಯೂ ಪ್ರಾಜೆಕ್ಟ್ ಇರಬಹುದು. ಆದರೆ ಕಾರಣ ಕೇಳದೇ ಉಳಿಯೋಕೆ ಜಾಗ ಇದ್ದರೆ, ಬೇಕಾದವರು ಸುಳ್ಳು ಹೇಳದೇ ಉಳೀತಾರೆ.

— ಮೆಸ್ ನಡೆಸೋಕೆ ಕನಿಷ್ಠ ಇಪ್ಪತ್ತು ಜನ ಬೇಕು ಅಂತ ಅಡುಗೆಯವರು ಕೂಗಾಡ್ತಾರೆ.

— ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲೂ ಆರೇಳು ಜನ ಕೇಳ್ತಿದ್ದಾರೆ. ಪಿಎಚ್‌ಡಿಯವರು ಹೇಗೂ ಇಲ್ಲೇ ಇರ್ತಾರೆ. ಎಲ್ಲರನ್ನೂ ಒಂದೇ ಮೆಸ್ಸಿಗೆ ಹಾಕಿದರೆ ಇಪ್ಪತ್ತು ದಾಟುತ್ತೆ.

— ಕೊಠಡಿ ಬಾಡಿಗೆ?

— ರಜೆಯ ಎರಡು ತಿಂಗಳದ್ದನ್ನ ವಿದ್ಯಾರ್ಥಿ ಕ್ಷೇಮನಿಧಿಯಿಂದ ಕೊಡಬಹುದು ಅಂತ ನಿಯಮದಲ್ಲೇ ಇದೆ, ನಾನು ಓದಿದ್ದೀನಿ. ಅರ್ಜಿಯಲ್ಲಿ ಕಾರಣ ಅನ್ನೋ ಕಾಲಂ ಮಾತ್ರ ತೆಗೆಸಿಬಿಡಿ.